ದೇಶದ ಸಾಲ ಇಳಿಯುವುದು ಹೇಗೆ? – ಸಾರ್ವಜನಿಕರ ತಿಳಿವಳಿಕೆಗಾಗಿ ಒಂದು ವಿವರಣೆ

ಪಿಂಚಣಿ, ವಿದ್ಯಾರ್ಥಿ ವೇತನ, ಮನೆ ನಿರ್ಮಾಣದ ಸಹಾಯಧನ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಿದ ಸಾರ್ವಜನಿಕರು "ಅನುದಾನ ಇನ್ನೂ ಬಿಡುಗಡೆಯಾಗಿಲ್ಲ" ಎಂಬ ಉತ್ತರವನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಅನುದಾನ ತಡವಾಗಲು ಕಾರಣಗಳು ಹಲವು. ಆದರೆ ಸರ್ಕಾರದ ಕೈಗೆ ಬರುವ ಹಣದಲ್ಲಿ ಎಷ್ಟು ಭಾಗ ಹಳೆಯ ಸಾಲದ ಬಡ್ಡಿಗೆ ಮೊದಲೇ ಮೀಸಲಾಗಿದೆ ಎಂಬುದನ್ನು ತಿಳಿಯದೆ ಉಳಿದ ಹಣದ ಹಂಚಿಕೆಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಆದ್ದರಿಂದ ದೇಶದ ಸಾಲ ಎಂದರೇನು, ಅದು ಯಾರಿಗೆ ಸಲ್ಲಬೇಕಾದದ್ದು, ಅದನ್ನು ತಗ್ಗಿಸುವ ಮಾರ್ಗಗಳು ಯಾವುವು ಎಂಬುದನ್ನು ಭಾರತದ ಅನುಭವದ ಹಿನ್ನೆಲೆಯಲ್ಲಿ ಇಲ್ಲಿ ವಿವರಿಸಲಾಗಿದೆ.

2025-26ನೇ ಸಾಲಿನ ಕೇಂದ್ರ ಆಯವ್ಯಯ ಅಂದಾಜನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸದರಿ ಸಾಲಿನ ಒಟ್ಟು ವೆಚ್ಚ 50.65 ಲಕ್ಷ ಕೋಟಿ ರೂಪಾಯಿ. ತೆರಿಗೆ ಮತ್ತು ತೆರಿಗೆಯೇತರ ಮೂಲಗಳಿಂದ ಕೇಂದ್ರಕ್ಕೆ ಉಳಿಯುವ ರಾಜಸ್ವ 34.20 ಲಕ್ಷ ಕೋಟಿ ರೂಪಾಯಿ. ಬಡ್ಡಿ ಪಾವತಿಗೆ ತೆಗೆದಿರಿಸಿದ ಮೊತ್ತ 12.76 ಲಕ್ಷ ಕೋಟಿ ರೂಪಾಯಿ. ಅಂದರೆ ರಾಜಸ್ವವಾಗಿ ಬರುವ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 37 ರೂಪಾಯಿ ಬಡ್ಡಿಗೇ ಸಂದಾಯವಾಗುತ್ತದೆ. ಅದೇ ಅಂದಾಜಿನಲ್ಲಿ ರಸ್ತೆ, ರೈಲು ಮಾರ್ಗ, ರಕ್ಷಣಾ ಸಾಮಗ್ರಿ ಮುಂತಾದ ಬಂಡವಾಳ ವೆಚ್ಚಕ್ಕೆ ಇಟ್ಟ ಹಣ 11.21 ಲಕ್ಷ ಕೋಟಿ ರೂಪಾಯಿ. ಇದು ಬಡ್ಡಿಯ ಮೊತ್ತಕ್ಕಿಂತ ಕಡಿಮೆ. ಬಡ್ಡಿಯ ವೆಚ್ಚವನ್ನು ಸಂವಿಧಾನದ 112ನೇ ಅನುಚ್ಛೇದವು ಸಂಚಿತ ನಿಧಿಯ ಮೇಲೆ ನೇರವಾಗಿ ಹೊರಿಸಿದೆ. ಸಂಸತ್ತು ಅದನ್ನು ಚರ್ಚಿಸಬಹುದೇ ಹೊರತು ಮತಕ್ಕೆ ಹಾಕಿ ಕಡಿತಗೊಳಿಸುವಂತಿಲ್ಲ. ಬೇರೆ ಯಾವ ಬಾಬನ್ನು ಮುಂದೂಡಿದರೂ ಬಡ್ಡಿಯನ್ನು ಮುಂದೂಡಲು ಬರುವುದಿಲ್ಲ.

ಸಾಲ ಮತ್ತು ಕೊರತೆ

ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಲ್ಲಿದೆ, ಅದು ಸರಿಯಲ್ಲ. ಒಂದು ವರ್ಷದಲ್ಲಿ ಬಂದ ಹಣಕ್ಕಿಂತ ಹೆಚ್ಚಾಗಿ ಖರ್ಚು ಮಾಡಿ, ಆ ಅಂತರವನ್ನು ಸಾಲದಿಂದ ತುಂಬಿದರೆ ಆ ಅಂತರವೇ ವಿತ್ತೀಯ ಕೊರತೆ. ಹೀಗೆ ವರ್ಷ ವರ್ಷವೂ ಕೂಡುತ್ತ ಬಂದ ಬಾಕಿಯೇ ಸಾಲ. ಕೊರತೆಯು ಕೆರೆಗೆ ಹರಿದು ಬರುವ ನೀರಾದರೆ ಸಾಲವು ಕೆರೆಯಲ್ಲಿ ನಿಂತ ನೀರು. ಆದಕಾರಣ "ಈ ವರ್ಷ ಕೊರತೆ ಇಳಿದಿದೆ" ಎಂಬ ಪ್ರಕಟಣೆಯಿಂದ ಸಾಲ ಇಳಿದಿದೆ ಎಂದು ಭಾವಿಸಬಾರದು. ಸಾಲವು ಹಿಂದಿನ ವರ್ಷಕ್ಕಿಂತ ನಿಧಾನವಾಗಿ ಏರಿದೆ ಎಂಬುದಷ್ಟೇ ಅದರ ತಾತ್ಪರ್ಯ.

ಕೊರತೆಯಲ್ಲೂ ಬಗೆಗಳಿವೆ. ಸಂಬಳ, ಪಿಂಚಣಿ, ಸಹಾಯಧನ, ಬಡ್ಡಿ ಮುಂತಾದ ನಿತ್ಯದ ಖರ್ಚು ರಾಜಸ್ವವನ್ನು ಮೀರಿದರೆ ಅದು ರಾಜಸ್ವ ಕೊರತೆ. ವಿತ್ತೀಯ ಕೊರತೆಯಿಂದ ಬಡ್ಡಿಯನ್ನು ಕಳೆದರೆ ಉಳಿಯುವುದು ಪ್ರಾಥಮಿಕ ಕೊರತೆ. 2025-26ರ ಅಂದಾಜಿನಲ್ಲಿ ವಿತ್ತೀಯ ಕೊರತೆ 15.69 ಲಕ್ಷ ಕೋಟಿ ರೂಪಾಯಿ, ಅದರೊಳಗೆ ರಾಜಸ್ವ ಕೊರತೆ 5.24 ಲಕ್ಷ ಕೋಟಿ ರೂಪಾಯಿ. ಸಾಲವಾಗಿ ತಂದ ಹಣದಲ್ಲಿ ಮೂರರಲ್ಲೊಂದು ಪಾಲು ಯಾವುದೇ ಆಸ್ತಿಯನ್ನು ನಿರ್ಮಿಸದೆ ನಿತ್ಯದ ಖರ್ಚಿಗೆ ಹೋಗುತ್ತದೆ ಎಂದು ಇದರ ಅರ್ಥ. ಸಾಲದ ಗಾತ್ರಕ್ಕಿಂತ ಈ ಪಾಲು ಎಷ್ಟೆಂಬುದೇ ಹೆಚ್ಚು ಗಮನಾರ್ಹ. ಅಣೆಕಟ್ಟಿಗಾಗಿ ಮಾಡಿದ ಸಾಲ ತೀರುವ ಹೊತ್ತಿಗೆ ಅಣೆಕಟ್ಟು ಉಳಿದಿರುತ್ತದೆ. ನಿತ್ಯದ ಖರ್ಚಿಗೆ ಮಾಡಿದ ಸಾಲದಿಂದ ಉಳಿಯುವುದು ಬಡ್ಡಿಯ ಹೊಣೆ ಮಾತ್ರ.

ಈ ಸಾಲ ಯಾರಿಗೆ ಸಲ್ಲಬೇಕು?

ದೇಶದ ಸಾಲವೆಲ್ಲವೂ ವಿಶ್ವ ಬ್ಯಾಂಕಿಗೆ ಅಥವಾ ಹೊರದೇಶಗಳಿಗೆ ಸಲ್ಲಬೇಕಾದದ್ದು ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. ಕೇಂದ್ರ ಸರ್ಕಾರದ ಸಾಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚಿನದು ದೇಶದೊಳಗೆ, ರೂಪಾಯಿಯಲ್ಲಿಯೇ ಎತ್ತಿದ ಸಾಲ. ಸರ್ಕಾರದ ಸಾಲಪತ್ರಗಳನ್ನು ಮುಖ್ಯವಾಗಿ ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯ ನಿಧಿಗಳು ಮತ್ತು ಭಾರತೀಯ ರಿಸರ್ವ್ ಬ್ಯಾಂಕು ಹೊಂದಿವೆ. ಬ್ಯಾಂಕಿನಲ್ಲಿರುವುದು ಠೇವಣಿದಾರರ ಹಣ; ವಿಮಾ ಕಂಪನಿಯಲ್ಲಿರುವುದು ಪಾಲಿಸಿದಾರರ ಹಣ. ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ, ಸಾರ್ವಜನಿಕ ಭವಿಷ್ಯ ನಿಧಿ, ಹಿರಿಯ ನಾಗರಿಕರ ಉಳಿತಾಯ ಯೋಜನೆ, ಸುಕನ್ಯಾ ಸಮೃದ್ಧಿ ಖಾತೆ ಮುಂತಾದವುಗಳಲ್ಲಿ ತೊಡಗಿಸಿದ ಹಣವು 1999ರ ಏಪ್ರಿಲ್‌ನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಸೇರಿ, ಅಲ್ಲಿಂದ ಸರ್ಕಾರಕ್ಕೆ ಸಾಲವಾಗಿ ದೊರೆಯುತ್ತದೆ. 2021ರ ನವೆಂಬರ್‌ನಲ್ಲಿ ಆರಂಭವಾದ ರಿಟೇಲ್ ಡೈರೆಕ್ಟ್ ಯೋಜನೆಯಡಿ ಸಾಮಾನ್ಯ ನಾಗರಿಕರೂ ರಿಸರ್ವ್ ಬ್ಯಾಂಕಿನಲ್ಲಿ ಖಾತೆ ತೆರೆದು ಸರ್ಕಾರಿ ಸಾಲಪತ್ರವನ್ನು ನೇರವಾಗಿ ಕೊಳ್ಳಬಹುದು.

ಹೀಗಾಗಿ ಸೌಲಭ್ಯ ಕೋರಿ ಕಚೇರಿಗೆ ಬಂದ ಅರ್ಜಿದಾರರೇ ಹಲವು ವೇಳೆ ಸರ್ಕಾರಕ್ಕೆ ಸಾಲ ಕೊಟ್ಟವರೂ ಆಗಿರುತ್ತಾರೆ. ಸಾಲವನ್ನು ಹೇಗೆ ತಗ್ಗಿಸಲಾಗುತ್ತದೆ ಎಂಬ ಪ್ರಶ್ನೆ ಅವರಿಗೆ ಎರಡು ಕಡೆಯಿಂದಲೂ ಸಂಬಂಧಿಸಿದ್ದು.

ಹೊರದೇಶದ ಸಾಲದ ಪಾಲು ಚಿಕ್ಕದಾಗಿರುವುದು ಅದೃಷ್ಟವೇ ಸರಿ. 1991ರಲ್ಲಿ ವಿದೇಶಿ ವಿನಿಮಯದ ಸಂಗ್ರಹ ಕೆಲವು ವಾರಗಳ ಆಮದಿಗೆ ಮಾತ್ರ ಸಾಲುವಷ್ಟಕ್ಕೆ ಕುಸಿದಾಗ, ಆ ವರ್ಷದ ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟು ಹಣ ತರಬೇಕಾಯಿತು. ನೆರೆಯ ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಆ ವರ್ಷ ಅಲ್ಲಿಯ ಜನರು ಇಂಧನ ಮತ್ತು ಅಡುಗೆ ಅನಿಲಕ್ಕಾಗಿ ದಿನಗಟ್ಟಲೆ ಸಾಲಿನಲ್ಲಿ ನಿಂತರು. ಡಾಲರ್‌ನಲ್ಲಿ ಕೊಡಬೇಕಾದ ಸಾಲಕ್ಕೆ ಡಾಲರನ್ನೇ ಗಳಿಸಬೇಕು.

ಸಾಲದ ಹೊರೆ ಇಳಿಯುವ ಲೆಕ್ಕ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಸಂಸಾರಕ್ಕೆ ಹೊಂದುತ್ತದೆ. ದೇಶಕ್ಕೆ ಅದು ಅರ್ಧ ಮಾತ್ರ ಹೊಂದುತ್ತದೆ; ಏಕೆಂದರೆ ದೇಶದ ಹಾಸಿಗೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಮನೆಯ ಯಜಮಾನರು ನಿವೃತ್ತಿಯ ಮುನ್ನ ಸಾಲ ತೀರಿಸಬೇಕು. ಸರ್ಕಾರಕ್ಕೆ ನಿವೃತ್ತಿ ಇಲ್ಲ. ಹಳೆಯ ಸಾಲಪತ್ರದ ಅವಧಿ ಮುಗಿದಾಗ ಹೊಸದನ್ನು ಮಾರಿ ಅಸಲು ತೀರಿಸುವುದು ಎಲ್ಲ ದೇಶಗಳಲ್ಲೂ ನಡೆದು ಬಂದ ಪದ್ಧತಿ. ಈ ಕಾರಣದಿಂದ ಸಾಲವನ್ನು ರೂಪಾಯಿಗಳಲ್ಲಿ ಅಳೆಯುವ ಬದಲು ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇಕಡಾವಾರು ಪ್ರಮಾಣದಲ್ಲಿ ಅಳೆಯಲಾಗುತ್ತದೆ.

ಒಂದು ದೇಶದ ಉತ್ಪನ್ನ 100 ರೂಪಾಯಿ, ಸಾಲ 80 ರೂಪಾಯಿ ಇದೆ ಎಂದು ಭಾವಿಸೋಣ. ಬಡ್ಡಿ ದರ ಶೇ. 7. ಬಡ್ಡಿ ಸೇರಿ ಮರುವರ್ಷ ಸಾಲ 85.60 ರೂಪಾಯಿ ಆಗುತ್ತದೆ. ಬಡ್ಡಿ ಬಿಟ್ಟು ಉಳಿದ ಖರ್ಚನ್ನೆಲ್ಲ ಸರ್ಕಾರವು ತನ್ನ ಆದಾಯದಲ್ಲಿಯೇ ನಿಭಾಯಿಸಿದರೆ, ಅಂದರೆ ಪ್ರಾಥಮಿಕ ಕೊರತೆ ಸೊನ್ನೆಯಾದರೆ, ಸಾಲ ಅಷ್ಟಕ್ಕೇ ನಿಲ್ಲುತ್ತದೆ. ಬೆಲೆ ಏರಿಕೆಯೂ ಸೇರಿದಂತೆ ಉತ್ಪನ್ನವು ಶೇ. 10ರಷ್ಟು ಬೆಳೆದು 110 ರೂಪಾಯಿ ಆಗಿದ್ದರೆ ಸಾಲದ ಪ್ರಮಾಣ ಶೇ. 80ರಿಂದ ಶೇ. 77.8ಕ್ಕೆ ಇಳಿಯುತ್ತದೆ. ಒಂದು ರೂಪಾಯಿಯಷ್ಟು ಅಸಲನ್ನೂ ತೀರಿಸದೆ ಹೊರೆ ಇಳಿದಂತಾಯಿತು. ಇದಕ್ಕೆ ವ್ಯತಿರಿಕ್ತವಾಗಿ ಬೆಳವಣಿಗೆ ಶೇ. 7ಕ್ಕೆ ನಿಂತು, 2 ರೂಪಾಯಿ ಪ್ರಾಥಮಿಕ ಕೊರತೆಯೂ ಸೇರಿಕೊಂಡರೆ ಸಾಲ 87.60 ರೂಪಾಯಿ, ಉತ್ಪನ್ನ 107 ರೂಪಾಯಿ, ಪ್ರಮಾಣ ಶೇ. 81.9ಕ್ಕೆ ಏರುತ್ತದೆ.

ಈ ಲೆಕ್ಕದಲ್ಲಿ ಮೂರೇ ಅಂಶಗಳಿವೆ: ಬೆಳವಣಿಗೆಯ ದರ, ಬಡ್ಡಿಯ ದರ ಮತ್ತು ಪ್ರಾಥಮಿಕ ಕೊರತೆ. ಸಾಲ ತಗ್ಗಿಸಲು ಸೂಚಿಸಲಾಗುವ ಉಪಾಯಗಳೆಲ್ಲವೂ ಕೊನೆಗೆ ಈ ಮೂರರಲ್ಲಿ ಒಂದನ್ನು ಮುಟ್ಟಲೇಬೇಕು. ಕೆನಡಾ ದೇಶವು 1990ರ ದಶಕದ ಮಧ್ಯದಿಂದ ಮೂರನೆಯ ಅಂಶವನ್ನು ಹಿಡಿದು, ಖರ್ಚನ್ನು ಕಡಿತಗೊಳಿಸಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಉಳಿತಾಯದ ಆಯವ್ಯಯ ಮಂಡಿಸಿ ತನ್ನ ಕೇಂದ್ರ ಸರ್ಕಾರದ ಸಾಲದ ಪ್ರಮಾಣವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಭಾರತದ ದಾರಿ ಬೇರೆಯಾಗಿತ್ತು.

2003ರಿಂದ 2011ರವರೆಗೆ

2003-04ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಒಟ್ಟು ಸಾಲ ದೇಶದ ಉತ್ಪನ್ನದ ಸುಮಾರು ಶೇ. 84ರಷ್ಟಿತ್ತು. 2010-11ರ ವೇಳೆಗೆ ಅದು ಸುಮಾರು ಶೇ. 66ಕ್ಕೆ ಬಂದಿತು. ಏಳು ವರ್ಷಗಳಲ್ಲಿ ಇಷ್ಟು ಇಳಿಕೆ ಸಣ್ಣ ಸಾಧನೆಯಲ್ಲ. ಇದರ ಕಾರಣಗಳನ್ನು ಬಿಡಿಸಿ ನೋಡುವುದು ಪ್ರಯೋಜನಕರ.

ಮೊದಲನೆಯದು ಬಡ್ಡಿ. 1995-96ರಲ್ಲಿ ಕೇಂದ್ರ ಸರ್ಕಾರವು ಹೊಸ ಸಾಲಪತ್ರಗಳ ಮೇಲೆ ಸರಾಸರಿ ಶೇ. 13.75ರ ಬಡ್ಡಿಗೆ ಹಣ ಎತ್ತುತ್ತಿತ್ತು. 2003-04ರಲ್ಲಿ ಈ ದರ ಶೇ. 5.71ಕ್ಕೆ ಇಳಿಯಿತು. ದುಬಾರಿ ಸಾಲವನ್ನು ಅಗ್ಗದ ಸಾಲದಿಂದ ತೀರಿಸಲು ಇದೇ ಸುಸಂದರ್ಭವಾಯಿತು. 2002-03ರಲ್ಲಿ ವಿಶ್ವ ಬ್ಯಾಂಕು ಮತ್ತು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸುಮಾರು 300 ಕೋಟಿ ಡಾಲರ್ ಸಾಲವನ್ನು ಅವಧಿಗೆ ಮುನ್ನವೇ ಹಿಂದಿರುಗಿಸಲಾಯಿತು. ರಾಜ್ಯಗಳು ಕೇಂದ್ರದಿಂದ ಶೇ. 13 ಮತ್ತು ಅದಕ್ಕೂ ಮೇಲ್ಪಟ್ಟ ಬಡ್ಡಿಗೆ ಪಡೆದಿದ್ದ ಹಳೆಯ ಸಾಲಗಳನ್ನು 2002-03ರಿಂದ 2004-05ರವರೆಗಿನ ಸಾಲ ವಿನಿಮಯ ಯೋಜನೆಯಡಿ ಕಡಿಮೆ ಬಡ್ಡಿಯ ಸಾಲಗಳಿಗೆ ಬದಲಾಯಿಸಿಕೊಂಡವು. ಹೀಗೆ ಬದಲಾದ ಮೊತ್ತ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ.

ಎರಡನೆಯದು ಕಾನೂನಿನ ಕಟ್ಟುಪಾಡು. ಈ ವಿಷಯದಲ್ಲಿ ಕರ್ನಾಟಕವು ಕೇಂದ್ರಕ್ಕಿಂತ ಮುಂದಿತ್ತು ಎಂಬುದನ್ನು ಇಲ್ಲಿ ಉಲ್ಲೇಖಿಸಬೇಕು. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ, 2002 ದೇಶದ ರಾಜ್ಯಗಳಲ್ಲಿಯೇ ಈ ಬಗೆಯ ಮೊದಲ ಕಾನೂನು. ಅದು 2003ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 2006ರ ಮಾರ್ಚ್ 31ರೊಳಗೆ ರಾಜಸ್ವ ಕೊರತೆಯನ್ನು ಸೊನ್ನೆಗೆ ಇಳಿಸಬೇಕು ಹಾಗೂ ವಿತ್ತೀಯ ಕೊರತೆಯು ರಾಜ್ಯದ ಉತ್ಪನ್ನದ ಶೇ. 3ನ್ನು ಮೀರಬಾರದು ಎಂದು ಅದು ವಿಧಿಸಿತು. ರಾಜ್ಯವು ಗಡುವಿಗೆ ಮೊದಲೇ, 2004-05ರಲ್ಲಿ, ರಾಜಸ್ವ ಹೆಚ್ಚಳವನ್ನು ಸಾಧಿಸಿತು. ಕೇಂದ್ರದ ವಿತ್ತೀಯ ಹೊಣೆಗಾರಿಕೆ ಮತ್ತು ಆಯವ್ಯಯ ನಿರ್ವಹಣಾ ಅಧಿನಿಯಮ, 2003 ಜಾರಿಗೆ ಬಂದದ್ದು 2004ರ ಜುಲೈ 5ರಂದು. ಅದರನ್ವಯ ರಿಸರ್ವ್ ಬ್ಯಾಂಕು ಸರ್ಕಾರದ ಸಾಲಪತ್ರಗಳನ್ನು ಸರ್ಕಾರದಿಂದ ನೇರವಾಗಿ ಕೊಳ್ಳುವುದು 2006ರ ಏಪ್ರಿಲ್‌ನಿಂದ ನಿಂತಿತು. 2007-08ರಲ್ಲಿ ಕೇಂದ್ರದ ವಿತ್ತೀಯ ಕೊರತೆ ಶೇ. 2.5ಕ್ಕೆ ಬಂದಿತು.

ಮೂರನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು, ಬೆಳವಣಿಗೆ. ಆ ವರ್ಷಗಳಲ್ಲಿ ಉತ್ಪನ್ನವು ಬಡ್ಡಿ ದರಕ್ಕಿಂತ ಬಹಳ ವೇಗವಾಗಿ ಬೆಳೆಯಿತು. ತೆರಿಗೆಯೂ ಅದರೊಡನೆ ಏರಿತು. 2008ರ ಜಾಗತಿಕ ಬಿಕ್ಕಟ್ಟಿನ ನಂತರ ಕೇಂದ್ರದ ಕೊರತೆ 2009-10ರಲ್ಲಿ ಶೇ. 6.5ಕ್ಕೆ ಜಿಗಿದು, ಕಾನೂನಿನ ಗುರಿಗಳನ್ನು ಬದಿಗಿಟ್ಟ ಮೇಲೂ ಸಾಲದ ಪ್ರಮಾಣ ಇಳಿಯುತ್ತಲೇ ಇದ್ದದ್ದು ಈ ಕಾರಣದಿಂದಲೇ. ಅದರಲ್ಲಿ ಬೆಲೆ ಏರಿಕೆಯ ಪಾಲೂ ಇತ್ತು.

ಲೆಕ್ಕದಿಂದ ಹೊರಗುಳಿದ ಸಾಲ

ಕೊರತೆ ಇಳಿಸಬೇಕೆಂಬ ಒತ್ತಡ ಬಿದ್ದಾಗ ಸಾಲವನ್ನು ಬೇರೊಂದು ಹೆಸರಿಗೆ ವರ್ಗಾಯಿಸುವ ಪ್ರವೃತ್ತಿ ಎಲ್ಲ ಸರ್ಕಾರಗಳಲ್ಲೂ ಕಂಡುಬಂದಿದೆ. 2005ರಿಂದ 2010ರವರೆಗಿನ ಅವಧಿಯಲ್ಲಿ ಪೆಟ್ರೋಲಿಯಂ ಉತ್ಪನ್ನಗಳನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರಿದ ತೈಲ ಕಂಪನಿಗಳಿಗೆ ನಗದು ಸಹಾಯಧನದ ಬದಲು ಸಾಲಪತ್ರಗಳನ್ನು ನೀಡಲಾಯಿತು. ಆ ವರ್ಷಗಳ ಕೊರತೆಯಲ್ಲಿ ಈ ಮೊತ್ತ ಕಾಣಿಸಲಿಲ್ಲ. ಅಸಲು ಮತ್ತು ಬಡ್ಡಿ ಮುಂದಿನ ಆಯವ್ಯಯಗಳ ಮೇಲೆ ಬಿದ್ದವು, ಕೊನೆಯ ಕಂತುಗಳ ಗಡುವು 2025-26ರವರೆಗೂ ಚಾಚಿತ್ತು. ಅಂದಿನ ಅಡುಗೆ ಅನಿಲದ ರಿಯಾಯಿತಿಯ ಬೆಲೆಯನ್ನು ಅಂದು ಶಾಲೆಯಲ್ಲಿದ್ದ ಮಕ್ಕಳು ತೆರಿಗೆದಾರರಾದ ಮೇಲೆ ತೆತ್ತರು ಎನ್ನಬಹುದು. ಅನಂತರದ ವರ್ಷಗಳಲ್ಲಿ ಆಹಾರ ಸಹಾಯಧನದ ಒಂದು ಭಾಗವನ್ನು ಆಯವ್ಯಯದಿಂದ ಕೊಡದೆ, ಭಾರತ ಆಹಾರ ನಿಗಮವು ಸಣ್ಣ ಉಳಿತಾಯ ನಿಧಿಯಿಂದ ಸಾಲ ಪಡೆಯುವಂತೆ ಮಾಡಲಾಗಿತ್ತು. 2021ರ ಫೆಬ್ರುವರಿಯ ಆಯವ್ಯಯದಲ್ಲಿ ಈ ಪದ್ಧತಿಯನ್ನು ನಿಲ್ಲಿಸಿ ಆ ಬಾಕಿಯನ್ನು ಲೆಕ್ಕಕ್ಕೆ ತರಲಾಯಿತು. ಆ ವರ್ಷದ ಕೊರತೆ ಶೇ. 9.2ಕ್ಕೆ ಏರಿದ್ದರಲ್ಲಿ ಕೋವಿಡ್‌ನ ಪಾಲು ದೊಡ್ಡದಾದರೂ ಈ ಪ್ರಾಮಾಣಿಕತೆಯ ಪಾಲೂ ಇದೆ.

ರಾಜ್ಯಗಳಲ್ಲಿ ಇದರ ರೂಪ ಖಾತರಿ. ಸರ್ಕಾರಿ ನಿಗಮವೊಂದು ಸಾಲ ಎತ್ತುತ್ತದೆ, ಸರ್ಕಾರ ಖಾತರಿ ನೀಡುತ್ತದೆ, ನಿಗಮಕ್ಕೆ ಸ್ವಂತ ಆದಾಯ ಇಲ್ಲದಿರುವುದರಿಂದ ಕಂತನ್ನು ಸರ್ಕಾರವೇ ಕಟ್ಟುತ್ತದೆ. ಕರ್ನಾಟಕದಲ್ಲಿ 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮವು ನೀರಾವರಿ ಕಾಮಗಾರಿಗಳಿಗಾಗಿ ಹಣ ಎತ್ತಿದ್ದು ಸರ್ಕಾರದ ಖಾತರಿಯ ಬಲದ ಮೇಲೆಯೇ. ಕೆಲಸವು ಅಗತ್ಯವಾದದ್ದೇ ಆಗಿದ್ದರೂ ಸಾಲವು ಸಾಲವೇ. ಈ ಕಾರಣದಿಂದ ಖಾತರಿಗಳಿಗೆ 1999ರಲ್ಲಿಯೇ ಕಾನೂನಿನ ಮೂಲಕ ಮಿತಿ ಹಾಕಲಾಯಿತು. ಆಯವ್ಯಯದಿಂದಲೇ ಅಸಲು ಅಥವಾ ಬಡ್ಡಿ ತೀರಿಸಬೇಕಾದ ನಿಗಮಗಳ ಸಾಲವನ್ನು ರಾಜ್ಯದ ಒಟ್ಟು ಹೊಣೆಗಾರಿಕೆಯಲ್ಲಿ ಸೇರಿಸಿಯೇ ಎಣಿಸಲಾಗುತ್ತದೆ, ಮತ್ತು ಆ ಒಟ್ಟು ಮೊತ್ತ ರಾಜ್ಯದ ಉತ್ಪನ್ನದ ಶೇ. 25ನ್ನು ಮೀರುವಂತಿಲ್ಲ. 2025-26ರ ರಾಜ್ಯ ಆಯವ್ಯಯ ಅಂದಾಜಿನಲ್ಲಿ ಈ ಪ್ರಮಾಣ ಶೇ. 24.91, ವಿತ್ತೀಯ ಕೊರತೆ ಶೇ. 2.95. ಎರಡೂ ಮಿತಿಯೊಳಗಿವೆ, ಆದರೆ ಮಿತಿಗೂ ಅಂದಾಜಿಗೂ ನಡುವೆ ಉಳಿದಿರುವ ಜಾಗ ಬಹಳ ಕಿರಿದು. ಅದೇ ಅಂದಾಜಿನಲ್ಲಿ ರಾಜಸ್ವ ಕೊರತೆಯೂ ಇದೆ.

ಇತರ ಮಾರ್ಗಗಳು

ನೋಟು ಅಚ್ಚು ಹಾಕಿ ಸಾಲ ತೀರಿಸಬಾರದೇಕೆ ಎಂಬ ಪ್ರಶ್ನೆಯನ್ನು ಸಾರ್ವಜನಿಕರು ಆಗಾಗ ಕೇಳುತ್ತಾರೆ. 1997ಕ್ಕೆ ಮೊದಲು ಹೆಚ್ಚುಕಡಿಮೆ ಅದೇ ನಡೆಯುತ್ತಿತ್ತು. ಸರ್ಕಾರದ ಖಾತೆಯಲ್ಲಿ ಹಣ ಕಡಿಮೆಯಾದಾಗ ತಾತ್ಕಾಲಿಕ ಖಜಾನೆ ಹುಂಡಿಗಳನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟು ಹಣ ಪಡೆಯಲಾಗುತ್ತಿತ್ತು. ಅದು ಮಿತಿಯಿಲ್ಲದ ಸಾಲವಾಗಿತ್ತು. 1997ರ ಏಪ್ರಿಲ್‌ನಿಂದ ಈ ಪದ್ಧತಿ ರದ್ದಾಗಿ, ಮಿತಿಯುಳ್ಳ ಹಾಗೂ ಅಲ್ಪಾವಧಿಯ ಮುಂಗಡದ ವ್ಯವಸ್ಥೆ ಬಂದಿತು. ಹಣದ ಪ್ರಮಾಣ ಹೆಚ್ಚಿಸಿ ಬೆಲೆಗಳು ಏರುವಂತೆ ಮಾಡಿದರೆ ಸಾಲದ ನೈಜ ಮೌಲ್ಯ ಕರಗುವುದು ನಿಜ. ಆದರೆ ಕರಗುವುದು ಸಾಲ ಕೊಟ್ಟವರ ಹಣ. ಅಂಚೆ ಕಚೇರಿಯಲ್ಲಿ ಐದು ವರ್ಷಕ್ಕೆ ಹಣವಿಟ್ಟ ನಿವೃತ್ತ ಶಿಕ್ಷಕಿಗೆ ಹೇಳಿದಷ್ಟೇ ರೂಪಾಯಿ ಹಿಂದಿರುಗುತ್ತದೆ, ಅದರಿಂದ ಕೊಳ್ಳಬಹುದಾದ ಅಕ್ಕಿ ಮಾತ್ರ ಕಡಿಮೆಯಾಗಿರುತ್ತದೆ. ಯಾವ ಸದನದಲ್ಲೂ ಮಂಜೂರಾಗದ ತೆರಿಗೆ ಇದು.

ಸಾರ್ವಜನಿಕ ಉದ್ಯಮಗಳ ಷೇರು ಮಾರಾಟದಿಂದ ಬರುವ ಹಣ ಒಂದು ಸಲದ್ದು. ರಿಸರ್ವ್ ಬ್ಯಾಂಕಿನಿಂದ ಬರುವ ಮಿಗುತೆ 2024ರ ಮೇ ತಿಂಗಳಲ್ಲಿ 2.11 ಲಕ್ಷ ಕೋಟಿ, 2025ರ ಮೇ ತಿಂಗಳಲ್ಲಿ 2.69 ಲಕ್ಷ ಕೋಟಿ ರೂಪಾಯಿ ಇತ್ತು. ಕೊರತೆ ತಗ್ಗಿಸಲು ಇದು ಬಹಳ ನೆರವಾಯಿತು. ಪ್ರತಿ ವರ್ಷವೂ ಅಷ್ಟೇ ಬರುತ್ತದೆಂದು ಲೆಕ್ಕ ಹಾಕಿ ಕಾಯಂ ಖರ್ಚನ್ನು ಏರಿಸಿಕೊಳ್ಳುವುದು ಮಾತ್ರ ತರವಲ್ಲ.

ಖರ್ಚು ಕಡಿತದ ಬಗ್ಗೆ ಒಂದು ಮಾತು ಅಗತ್ಯ. ಬಡ್ಡಿ, ಸಂಬಳ, ಪಿಂಚಣಿಗಳನ್ನು ಕಡಿತಗೊಳಿಸಲಾಗದ ಕಾರಣ, ಕೊರತೆಯ ಗುರಿ ಮುಟ್ಟಬೇಕಾದಾಗ ಕತ್ತರಿ ಬೀಳುವುದು ಬಂಡವಾಳ ಕಾಮಗಾರಿಗಳ ಮೇಲೆ. ಸೇತುವೆಯ ಕಾಮಗಾರಿ ಒಂದು ವರ್ಷ ನಿಂತರೆ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಹಾಗೆ ನಿಂತ ಕಾಮಗಾರಿಯ ಅಂದಾಜು ಮೊತ್ತ ಮರುವರ್ಷ ಏರುತ್ತದೆ, ಅದರಿಂದ ಬರಬೇಕಾದ ಬೆಳವಣಿಗೆಯೂ ತಡವಾಗುತ್ತದೆ. ಮೇಲಿನ ಲೆಕ್ಕದಲ್ಲಿ ಹೇಳಿದ ಮೂರು ಅಂಶಗಳಲ್ಲಿ ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸಿದಂತೆ. ಕೋವಿಡ್ ನಂತರದ ವರ್ಷಗಳಲ್ಲಿ ಕೇಂದ್ರವು ಈ ತಪ್ಪನ್ನು ಬಹುಮಟ್ಟಿಗೆ ತಪ್ಪಿಸಿತು. 2020-21ರಿಂದ ರಾಜ್ಯಗಳಿಗೆ ಬಂಡವಾಳ ಕಾಮಗಾರಿಗಳಿಗಾಗಿ ಐವತ್ತು ವರ್ಷಗಳ ಬಡ್ಡಿರಹಿತ ಸಾಲವನ್ನು ನೀಡಲಾಯಿತು. ವಿತ್ತೀಯ ಕೊರತೆಯನ್ನು 2022-23ರಲ್ಲಿ ಶೇ. 6.4ಕ್ಕೆ, 2023-24ರಲ್ಲಿ ಶೇ. 5.6ಕ್ಕೆ, 2024-25ರಲ್ಲಿ ಶೇ. 4.8ಕ್ಕೆ ಇಳಿಸಿ, 2025-26ಕ್ಕೆ ಶೇ. 4.4ರ ಅಂದಾಜು ಮಾಡಲಾಯಿತು.

ಇದರ ಜೊತೆಗೆ ಗುರಿಯ ಸ್ವರೂಪವೂ ಬದಲಾಯಿತು. ಶ್ರೀ ಎನ್.ಕೆ. ಸಿಂಗ್ ಅವರ ಅಧ್ಯಕ್ಷತೆಯ ಸಮಿತಿಯು 2017ರಲ್ಲಿ ಸಲ್ಲಿಸಿದ ವರದಿಯಲ್ಲಿ ದೇಶದ ಒಟ್ಟು ಸಾಲವನ್ನು ಉತ್ಪನ್ನದ ಶೇ. 60ಕ್ಕೆ, ಅಂದರೆ ಕೇಂದ್ರದ್ದನ್ನು ಶೇ. 40ಕ್ಕೆ ಮತ್ತು ರಾಜ್ಯಗಳದ್ದನ್ನು ಶೇ. 20ಕ್ಕೆ, ಇಳಿಸಬೇಕೆಂದು ಶಿಫಾರಸು ಮಾಡಿತ್ತು. 2018ರ ತಿದ್ದುಪಡಿಯಲ್ಲಿ ಒಟ್ಟು ಸಾಲಕ್ಕೆ ಶೇ. 60 ಹಾಗೂ ಕೇಂದ್ರದ ಸಾಲಕ್ಕೆ ಶೇ. 40ರ ಗುರಿಯನ್ನು ಕಾನೂನಿಗೆ ಸೇರಿಸಿ 2024-25ರ ಗಡುವು ವಿಧಿಸಲಾಯಿತು. ಕೋವಿಡ್ ಬಂದು ಆ ಗಡುವು ಕೈತಪ್ಪಿತು. 2020-21ರಲ್ಲಿ ಒಟ್ಟು ಸಾಲ ಶೇ. 90ರ ಸಮೀಪಕ್ಕೆ ಹೋಗಿತ್ತು. 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಹೊಸ ಗುರಿಯ ಪ್ರಕಾರ 2031ರ ಮಾರ್ಚ್ 31ರ ವೇಳೆಗೆ ಕೇಂದ್ರದ ಸಾಲವು ಉತ್ಪನ್ನದ ಶೇ. 50ರ ಆಸುಪಾಸಿನಲ್ಲಿ, ಹೆಚ್ಚೆಂದರೆ ಶೇ. 1ರ ಏರಿಳಿತದೊಳಗೆ, ಇರಬೇಕು. 2025-26ರ ಅಂದಾಜಿನಲ್ಲಿ ಅದು ಶೇ. 56.1. ಹಿಂದಿನ ಶೇ. 40ಕ್ಕೆ ಹೋಲಿಸಿದರೆ ಇದು ಸಡಿಲವಾದ ಗುರಿ. ಮುಟ್ಟಲು ಸಾಧ್ಯವಾದ ಗುರಿಯೂ ಹೌದು.

ಸಾರ್ವಜನಿಕರು ಈ ಅಂಕಿಗಳನ್ನು ಸ್ವತಃ ನೋಡಬಯಸಿದಲ್ಲಿ ದಪ್ಪ ಸಂಪುಟಗಳನ್ನೆಲ್ಲ ತಿರುವಬೇಕಾಗಿಲ್ಲ. ಕೇಂದ್ರ ಮತ್ತು ರಾಜ್ಯಗಳೆರಡೂ ಆಯವ್ಯಯದೊಡನೆ ಪ್ರಕಟಿಸುವ "ಆಯವ್ಯಯ ಸಂಕ್ಷಿಪ್ತ ನೋಟ"ದಲ್ಲಿ ಮೂರು ಸಾಲುಗಳನ್ನು ನೋಡಿದರೆ ಸಾಕು: ರಾಜಸ್ವ ಜಮೆ, ಬಡ್ಡಿ ಪಾವತಿ, ರಾಜಸ್ವ ಕೊರತೆ. ಅಂದಾಜಿಗೂ ವಾಸ್ತವ ಲೆಕ್ಕಕ್ಕೂ ವ್ಯತ್ಯಾಸವಿರುವುದರಿಂದ ಎರಡು ವರ್ಷ ಹಿಂದಿನ "ಲೆಕ್ಕಗಳು" ಎಂಬ ಅಂಕಣವನ್ನೇ ಓದುವುದು ಉತ್ತಮ. ನಿಗಮಗಳ ಸಾಲ ಮತ್ತು ಖಾತರಿಗಳ ವಿವರವು ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೇಖಪಾಲರು ರಾಜ್ಯದ ಹಣಕಾಸಿನ ಬಗ್ಗೆ ವಿಧಾನಮಂಡಲಕ್ಕೆ ಸಲ್ಲಿಸುವ ವರದಿಯಲ್ಲಿ ದೊರೆಯುತ್ತದೆ. ಅಲ್ಲಿಯೂ ದೊರೆಯದ ಮಾಹಿತಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ 10 ರೂಪಾಯಿ ಶುಲ್ಕದೊಂದಿಗೆ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವ ಅರ್ಜಿದಾರರಿಗೆ ಶುಲ್ಕದಿಂದ ವಿನಾಯಿತಿ ಇದೆ. ಅದಕ್ಕೆ ಸಂಬಂಧಿಸಿದ ದಾಖಲೆಯ ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸತಕ್ಕದ್ದು.